ಬೇಸಿಗೆಯ ಸೇತುವೆ

ಯಾರನ್ನೂ ‘ಇರು’ ಎಂದು ಕೇಳುವ ಬಾಯಿ ಡೀಲಿಯಾ ಮದೇರಾಸ್‌ಗೆ ಇರಲಿಲ್ಲ. ಅದನ್ನು ಕಲಿಯುವ ಅಗತ್ಯವೂ ಬಿದ್ದಿರಲಿಲ್ಲ. ಜನರನ್ನು ಬರಮಾಡಿಕೊಂಡು ಬೀಳ್ಕೊಡುವುದೇ ಅವಳ ಕಸುಬು. ಶುಕ್ರವಾರ ಸಂಜೆ ಕಾರುಗಳು ಬರುತ್ತಿದ್ದವು, ಭಾನುವಾರ ಹೋಗುತ್ತಿದ್ದವು. ಸೋಮವಾರ ಅವಳು ಹೊದಿಕೆ ಒಗೆದು ಹರವುತ್ತಿದ್ದಳು.

ಮನೆ ರಸ್ತೆಯ ಕಡೆ. ಗುಡಾರಗಳು ಹಳ್ಳದ ಆಚೆ ದಡದಲ್ಲಿ, ರೆಡ್‌ವುಡ್ ಮರಗಳ ನಡುವೆ. ಐದು ಬಿಳಿ ಗುಡಾರ. ಒಂದೊಂದರಲ್ಲೂ ಮಂಚ, ಮೆತ್ತನೆ ಹಾಸಿಗೆ, ಕಬ್ಬಿಣದ ಒಲೆ. ಮಕ್ಕಳುಮರಿ ಕಟ್ಟಿಕೊಂಡು ಬರುವ ಪಟ್ಟಣದವರು ಇದನ್ನು ಗ್ಲಾಂಪಿಂಗ್ ಎನ್ನುತ್ತಿದ್ದರು. ಅವಳ ಅಪ್ಪ ಆಗಸ್ಟ್ ಹೇಳುವುದೇ ಬೇರೆ: “ಮನೆ ಬೇಜಾರು ಅಂತ ಕಾಡಿಗೆ ಬರೋದು, ಕಾಡಿಗೆ ಬಂದು ಮನೆ ಹುಡುಕೋದು.”

ಎರಡು ದಡಗಳನ್ನು ಸೇರಿಸಿದ್ದು ಒಂದೇ ಒಂದು ಕಾಲುಸೇತುವೆ. ಅದೂ ಬೇಸಿಗೆಯದು. ಮೇ ತಿಂಗಳಲ್ಲಿ ಹಾಕಬೇಕು, ಅಕ್ಟೋಬರಿನಲ್ಲಿ ಮಳೆಗೆ ಮುಂಚೆ ತೆಗೆದು ಎತ್ತರದ ದಡಕ್ಕೆ ಎಳೆದಿಡಬೇಕು. ಅದರ ಎರಡು ತೊಲೆಗಳನ್ನು ಆಗಸ್ಟ್ ಮತ್ತು ಅವನ ಹೆಂಡತಿ ಮದುವೆಯಾದ ವರ್ಷ ಕೊಡಲಿ ಹಿಡಿದು ಕೆತ್ತಿದ್ದರು. ಅವಳೀಗ ಇಲ್ಲ. ಚಳಿಗಾಲದಲ್ಲಿ ಸಾಲ್ಮನ್ ಮೀನು ಮೊಟ್ಟೆಯಿಡಲು ಬರುವ ಹಳ್ಳವಾದ್ದರಿಂದ ಅಲ್ಲಿ ಹೊಸ ಸೇತುವೆಗೆ ಅನುಮತಿ ಇರಲಿಲ್ಲ. “ಇರೋದನ್ನ ಇಟ್ಕೊಳ್ಳಿ. ಹೋದ್ರೆ ಇನ್ನೊಂದು ಕೇಳ್ಬೇಡಿ,” ಎಂದು ಕಚೇರಿಯವರು ಮುಖದ ಮೇಲೇ ಹೇಳಿದ್ದರು. ಸೇತುವೆ ಇಲ್ಲವೆಂದರೆ ಗುಡಾರಗಳಿಲ್ಲ.

ಸೇತುವೆ ತೆಗೆಯುವ ವಾರಾಂತ್ಯಕ್ಕೆ ಬೇರೆ ಅತಿಥಿಗಳನ್ನು ಸೇರಿಸುತ್ತಿರಲಿಲ್ಲ. ಬಯಲು ಸೀಮೆಯ ಮೊಡೆಸ್ಟೊ ಕಡೆಯಿಂದ ವೋಸ್ ಮನೆಯವರು ಮಾತ್ರ ಬರುತ್ತಿದ್ದರು. ಹಲಗೆ ಬಿಚ್ಚುವುದು, ತೊಲೆ ಎಳೆಯುವುದು, ಆಮೇಲೆ ಎಲ್ಲರೂ ಆಗಸ್ಟನ ಮೇಜಿಗೆ ಕೂತು ಪುದೀನಾ ಹಾಕಿದ ದನದ ಮಾಂಸದ ಸಾರನ್ನು ಬ್ರೆಡ್ಡಿನ ಮೇಲೆ ಸುರಿದುಕೊಂಡು ತಿನ್ನುವುದು. ಉಂಡ ಮೇಲೆ ಹೊರಡುವುದು. ಅಲ್ಲಿಗೆ ಆ ವರ್ಷ ಮುಗಿಯಿತು.

ವೋಸ್ ಮನೆಯವರೆಂದರೆ ಮೂವರು: ಟ್ರೂಡಿ, ಅವಳ ಮಗಳು ಪಿಯಾ, ತೀರಿಕೊಂಡ ಗಂಡನ ತಮ್ಮ ಎಲ್ಡನ್. ಮೊದಲ ಸಲ ಬಂದಾಗ ಡೀಲಿಯಾ ಅವರನ್ನು ಗಂಡ ಹೆಂಡತಿ ಎಂದುಕೊಂಡು ದೊಡ್ಡ ಮಂಚದ ಗುಡಾರ ಕೊಟ್ಟಿದ್ದಳು. ಎಲ್ಡನ್ ಒಂದು ಮಾತೂ ಆಡದೆ ಹೊರಗಿನ ಮರದ ಜಗಲಿಯ ಮೇಲೆ ಮಲಗಿದ್ದ. ಹೊರಡುವ ಹೊತ್ತಿಗೆ ಪಿಯಾ ಹೇಳಿದಳು, “ನಿಮ್ಮ ಮಂಚ ಚೆನ್ನಾಗಿದೆ. ಚಿಕ್ಕಪ್ಪಂಗೆ ಮಾತ್ರ ಬೆನ್ನು ನೋವು.”

ಡೀಲಿಯಾಳ ಕಿವಿಯವರೆಗೆ ರಕ್ತ ಏರಿತ್ತು. “ಹೇಳಬಾರದಿತ್ತಾ?” ಎಂದಿದ್ದಳು.

“ನೀವು ಅಷ್ಟು ನೀಟಾಗಿ ಹಾಸಿದ್ರಿ,” ಎಂದಿದ್ದ ಎಲ್ಡನ್, “ಕೆಡಿಸೋಕೆ ಮನಸ್ಸಾಗ್ಲಿಲ್ಲ.”

ಮುಂದಿನ ವರ್ಷದಿಂದ ನೀರಿನ ಪಕ್ಕದ ಗುಡಾರ ಅವನದಾಯಿತು. ಅವನು ಬಾವಿಯ ಪಂಪುಗಳನ್ನು ರಿಪೇರಿ ಮಾಡುವವನು. ಕೈಗಳು ದೊರಗು, ಮಾತು ಕಡಿಮೆ. ಯಾರಾದರೂ ಮಾತಾಡುವಾಗ ಅವರ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದ. ತನ್ನ ಕೈಯನ್ನು ಅವನು ನೋಡುವಾಗ ಡೀಲಿಯಾಗೆ ಅದನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ಈ ವರ್ಷ ಶುಕ್ರವಾರ ಸಂಜೆ ಬಂದವಳೇ ಟ್ರೂಡಿ ಸುದ್ದಿ ಹೇಳಿದಳು. ಅವಳಿಗೆ ಮದುವೆ. ಹುಡುಗ ದೂರದ ಬಾಯ್ಸಿ ಎಂಬ ಊರಿನವನು. ತಿಂಗಳ ಕೊನೆಗೆ ಅಲ್ಲಿಗೇ ಹೋಗುವುದು.

“ಒಳ್ಳೇದಾಗ್ಲಿ,” ಎಂದಳು ಡೀಲಿಯಾ. ದಿಂಬಿನ ಗವಸು ಹಾಕುತ್ತಿದ್ದ ಕೈ ನಿಂತಿತ್ತು. “ಮತ್ತೆ... ಇವ್ರು?”

“ಎಲ್ಡನ್ನಾ? ಅವ್ನೂ ಬರ್ತಾನೆ. ಪಿಯಾ ಅವ್ನ ಬಿಟ್ಟು ಒಂದು ಹೆಜ್ಜೆ ಇಡಲ್ಲ. ಇಲ್ಲಿ ಅವ್ನ ಹಿಡ್ಕೊಂಡಿರೋದಾದ್ರೂ ಏನಿದೆ?” ಟ್ರೂಡಿ ಅವಳ ಮುಖವನ್ನೇ ನೋಡುತ್ತ ಕೇಳಿದಳು. “ಇದೆಯಾ?”

“ನಂಗೇನು ಗೊತ್ತು.”

“ಸರಿ. ಗವಸು ತಿರುಗಾಮುರುಗಾ ಹಾಕ್ತಿದ್ದೀಯ ನೋಡು.”

ಶನಿವಾರ ಬೆಳಿಗ್ಗೆ ಗಾಳಿ ದಕ್ಷಿಣದಿಂದ ಬೀಸುತ್ತಿತ್ತು. ಮಂಡಿ ಕೆಟ್ಟಿದ್ದ ಆಗಸ್ಟ್ ಮನೆಯ ಕಡೆಯ ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ನಲವತ್ತು ವರ್ಷ ಗರಗಸದ ಮಿಲ್ಲಿನಲ್ಲಿ ಕೂಗಿ ಬಲಿತಿದ್ದ ಗಂಟಲಿನಲ್ಲಿ ಆಜ್ಞೆ ಕೊಡುತ್ತಿದ್ದ.

“ಮಧ್ಯಾಹ್ನದ ಒಳಗೆ ತೊಲೆ ಮೇಲಿರ್ಬೇಕು. ಈ ಗಾಳಿ ಸರಿಯಿಲ್ಲ, ಮಳೆ ತರುತ್ತೆ.”

ಉಕ್ಕಿನ ಹಗ್ಗ ಸುತ್ತಿಕೊಂಡು ತೊಲೆ ಎಳೆಯಲು ಒಂದು ಕೈರಾಟೆ ಇತ್ತು. ಅದರ ಹಲ್ಲನ್ನು ಹಿಡಿದು ನಿಲ್ಲಿಸುವುದು ಬೆರಳುದ್ದದ ಒಂದು ಪಿನ್ನು. ಆ ಪಿನ್ನು ಡೀಲಿಯಾಳ ಕೋಟಿನ ಜೇಬಿನಲ್ಲಿತ್ತು. ಯಾವಾಗ ತೆಗೆದು ಹಾಕಿಕೊಂಡಳೋ, ಏನು ಯೋಚಿಸಿ ಹಾಕಿಕೊಂಡಳೋ, ಅವಳಿಗೇ ಸರಿಯಾಗಿ ಹೇಳಲಾಗುತ್ತಿರಲಿಲ್ಲ. ತೊಲೆ ಮೇಲೆ ಬಂದರೆ ಊಟ. ಊಟವಾದರೆ ಕಾರು. ಅಷ್ಟು ಮಾತ್ರ ಗೊತ್ತಿತ್ತು.

“ರಾಟೆ ಪಿನ್ನು ಕಾಣ್ತಿಲ್ಲ, ಅಪ್ಪ.”

“ಕಾಣ್ತಿಲ್ಲ ಅಂದ್ರೆ? ಅದಕ್ಕೇನು ಕಾಲಿದೆಯಾ?”

ಎಲ್ಡನ್ ಬಂದು ರಾಟೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಪಿನ್ನಿಲ್ಲದ ತೂತನ್ನು ಬೆರಳಿನಿಂದ ಸವರಿದ. ಆಮೇಲೆ ಡೀಲಿಯಾಳ ಕೈ ನೋಡಿದ. ಕೈ ಜೇಬಿನಲ್ಲಿತ್ತು, ಮುಷ್ಟಿ ಬಿಗಿದಿತ್ತು. ಕೋಟಿನ ಬಟ್ಟೆಯ ಮೇಲೆ ಗೆಣ್ಣುಗಳು ಮೂಡಿದ್ದವು.

ಆ ಜೇಬಿನ ಮೇಲಿಂದ ಅವನು ತಕ್ಷಣ ಕಣ್ಣು ತೆಗೆಯಲಿಲ್ಲ.

“ಏನೋ, ನಿಮ್ಮ ಕಾರಲ್ಲಿ ಬೋಲ್ಟ್ ಇಲ್ವೇನೋ?” ಆಗಸ್ಟ್ ಕೂಗಿದ. “ಒಂದು ಪಂಪ್ ರಿಪೇರಿಗೂ ನೂರು ಬೋಲ್ಟ್ ಇಟ್ಕೊಂಡಿರ್ತೀಯಲ್ಲ.”

“ಈ ಅಳತೇದಿಲ್ಲ, ಆಗಸ್ಟ್,” ಎಂದ ಎಲ್ಡನ್. “ನಾಳೆ ಬೆಳಿಗ್ಗೆ ಊರಿಗೆ ಹೋಗಿ ತರ್ತೀನಿ. ಒಂದು ದಿನ ತಾನೆ.”

ಅವನಿಗೆ ಅದು ಒಂದು ದಿನವೇ. ಅವನ ಊರಿನಲ್ಲಿ ನೀರು ತೂಬಿನಿಂದ ಬರುತ್ತದೆ, ಹೇಳಿದ ಹೊತ್ತಿಗೆ ಬರುತ್ತದೆ. ಡೀಲಿಯಾಗೆ ಆ ನೆಪವಿರಲಿಲ್ಲ. ಅವಳು ಈ ಹಳ್ಳದ ಪಕ್ಕ ಹುಟ್ಟಿದವಳು.

ಆಗಸ್ಟ್ ಇಬ್ಬರನ್ನೂ ನೋಡಿದ. “ಒಂದು ದಿನ,” ಎಂದು ನೆಲಕ್ಕೆ ಉಗಿದು, ಕುರ್ಚಿ ಎತ್ತಿಕೊಂಡು ಕುಂಟುತ್ತ ಒಳಗೆ ಹೋದ.

ಆ ಸಂಜೆ ಆಚೆ ದಡದಲ್ಲಿ ಪಿಯಾ ಮರದ ಬುಡಗಳ ನಡುವೆ ಓಡಾಡುತ್ತಿದ್ದಳು. ಟ್ರೂಡಿ ಫೋನಿಗೆ ಸಿಗ್ನಲ್ ಹುಡುಕುತ್ತ ದಿಬ್ಬ ಹತ್ತಿದ್ದಳು. ಎಲ್ಡನ್ ತನ್ನ ಗುಡಾರದ ಜಗಲಿಯ ಅಂಚಿನಲ್ಲಿ ಕೂತಿದ್ದ. ಡೀಲಿಯಾ ಸೌದೆ ತಂದಿಟ್ಟು, ಹೋಗದೆ ನಿಂತಳು.

“ಕೂತ್ಕೊಳ್ಳಿ. ಜಗಲಿ ನಿಮ್ಮದೇ.”

ಕೂತಳು. ನಡುವೆ ಒಂದು ಮಗು ಕೂರುವಷ್ಟು ಜಾಗ ಬಿಟ್ಟಳು.

“ಒಂದು ಕೇಳ್ಲಾ?” ಎಂದ ಎಲ್ಡನ್. “ಎಲ್ರಿಗೂ ಎರಡು ಕಂಬಳಿ, ನಂಗೆ ಮಾತ್ರ ನಾಲ್ಕು. ಯಾಕೆ?”

“ನೀರಿನ ಹತ್ರ ಚಳಿ ಜಾಸ್ತಿ.”

“ನೀರಿನ ಹತ್ರ ಹಾಕಿದ್ದು ಯಾರು?”

“ಇಲ್ಲಿಂದ ಮನೆ ಕಿಟಕಿ ಕಾಣುತ್ತೆ,” ಎಂದುಬಿಟ್ಟಳು. ತಕ್ಷಣ ತಿದ್ದಿದಳು. “ಏನಾದ್ರೂ ಬೇಕಾದ್ರೆ ಕೂಗ್ಬಹುದು ಅಂತ.”

“ನಾನು ಯಾವತ್ತೂ ಕೂಗಿಲ್ಲ.”

“ಹೂಂ. ಕೂಗಿಲ್ಲ.”

ಅವನು ನಗಲಿಲ್ಲ, ಆದರೆ ನಗುವಿನ ಹತ್ತಿರದ್ದೇನೋ ಅವನ ಕಣ್ಣಂಚಿಗೆ ಬಂದು ನಿಂತಿತು. ಅವಳು ಅದನ್ನು ಓರೆಗಣ್ಣಿನಲ್ಲಿ ನೋಡಿ, ನೋಡಿದ್ದು ಗೊತ್ತಾಯಿತೆಂದು ನೀರಿನ ಕಡೆ ತಿರುಗಿದಳು. ನಾಲಿಗೆಯ ತುದಿಯಲ್ಲಿದ್ದದ್ದು ಎರಡಕ್ಷರದ ಮಾತು. ಅದನ್ನು ನುಂಗಿ, “ಒಲೆಗೆ ಸೌದೆ ಸಾಕಾ?” ಎಂದಳು.

“ಸಾಕು,” ಎಂದ ಎಲ್ಡನ್.

ರೆಡ್‌ವುಡ್ ಕಾಡಿನಲ್ಲಿ ಮಳೆ ಮೊದಲು ಕಿವಿಗೆ ಬರುತ್ತದೆ. ಎಲ್ಲೋ ಮೇಲೆ, ಕಣ್ಣಿಗೆ ಕಾಣದ ಎತ್ತರದಲ್ಲಿ, ಎಲೆಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಕೆಳಗೆ ಮೊದಲ ಹನಿ ಬೀಳುವಷ್ಟರಲ್ಲಿ ಬೆಟ್ಟದ ಮೇಲೆ ಬಹಳ ಹೊತ್ತು ಸುರಿದಾಗಿರುತ್ತದೆ. ಡೀಲಿಯಾಳ ಮುಂಗೈ ಮೇಲೆ ಒಂದು ಹನಿ ಬಿತ್ತು. ಅವಳಿಗೆ ಅದರ ಅರ್ಥ ಗೊತ್ತಿತ್ತು. ಆಗಲೂ ಜೇಬಿನಿಂದ ಪಿನ್ನು ತೆಗೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು.

ಬೆಳಕು ಹರಿದಾಗ ಹಳ್ಳ ಕಂದು ಬಣ್ಣಕ್ಕೆ ತಿರುಗಿ ಸೇತುವೆಯ ಹೊಟ್ಟೆ ಸವರುತ್ತಿತ್ತು. ಆಗಸ್ಟ್ ಮಳೆಕೋಟು ಹಾಕಿ ದಡದಲ್ಲಿ ನಿಂತಿದ್ದ. ಡೀಲಿಯಾ ಓಡಿ ಬಂದು ಅವನ ಅಂಗೈಗೆ ಪಿನ್ನು ಇಟ್ಟಳು.

“ಎಲ್ಲಿತ್ತು?”

“ನನ್ನ ಜೇಬಲ್ಲಿ.”

“ಯಾವಾಗಿಂದ?”

“ನಿನ್ನೆಯಿಂದ.”

ಅವನು ಪಿನ್ನನ್ನು ನೋಡಿದ. ಬೈಯಲಿಲ್ಲ. “ಮೊದ್ಲು ಮಗು,” ಎಂದ, ಅಷ್ಟೆ. ಬಗ್ಗಿ ಪಿನ್ನನ್ನು ರಾಟೆಗೆ ತೂರಿಸಿದ.

ಎಲ್ಡನ್ ಪಿಯಾಳನ್ನು ಹೆಗಲ ಮೇಲೆ ಹೊತ್ತು ದಾಟಿಸಿದ. ಹಿಂದೆ ಟ್ರೂಡಿ ಬರಿಗಾಲಲ್ಲಿ, ಪಕ್ಕದ ಆಸರೆ ಹಗ್ಗ ಹಿಡಿದು ಬಂದಳು. ಅವರನ್ನು ಎಬ್ಬಿಸಲು ದಾಟಿ ಹೋಗಿದ್ದ ಡೀಲಿಯಾ ಮಾತ್ರ ಆಚೆ ದಡದಲ್ಲೇ ಉಳಿದಳು. ಆ ತುದಿಯ ಬೋಲ್ಟುಗಳನ್ನು ಬಿಚ್ಚಿದರೆ ನೀರೇ ತೊಲೆಗಳನ್ನು ಮನೆಯ ಕಡೆ ತಿರುಗಿಸುತ್ತದೆ, ಅಪ್ಪ ರಾಟೆಯಲ್ಲಿ ಎಳೆದುಕೊಳ್ಳಬಹುದು. ಸೇತುವೆ ಉಳಿಯಲು ಅದೊಂದೇ ದಾರಿ.

ಒಂದು ಬೋಲ್ಟು ಬಿಚ್ಚಿತು. ಇನ್ನೊಂದು ತುಕ್ಕು ಹಿಡಿದಿತ್ತು. ಅವಳು ಸುತ್ತಿಗೆಯಿಂದ ಹೊಡೆಯುತ್ತಿದ್ದಾಗ ಹಲಗೆಗಳು ಅದುರಿದವು. ತಲೆಯೆತ್ತಿದರೆ ಎಲ್ಡನ್, ಕೈಯಲ್ಲಿ ದೊಡ್ಡ ಸ್ಪ್ಯಾನರು ಹಿಡಿದು ಸೇತುವೆಯ ಮೇಲೆ ಬರುತ್ತಿದ್ದ.

“ಹೋಗಿ ಆ ಕಡೆ. ಹೋಗಿ ಅಂದೆ.”

“ಸುತ್ತಿಗೇಲಿ ತುಕ್ಕು ಬಿಡಲ್ಲ. ಸರೀರಿ.”

ಅವನು ಸ್ಪ್ಯಾನರಿನ ಮೇಲೆ ಮೈಭಾರ ಹಾಕಿದ. ಬೋಲ್ಟು ಕಿರ್ರೆಂದಿತು. ಆಗ ಮೇಲಿನ ತಿರುವಿನಿಂದ ಒಂದು ಬೇರುಸಹಿತ ಮರ ಬಂತು. ಅವಸರವೇನೂ ಇರಲಿಲ್ಲ ಅದಕ್ಕೆ. ಸೇತುವೆಯ ನಡುವಿಗೆ ಬಂದು ಒರಗಿ ನಿಂತಿತು. ಎಲ್ಡನ್ ಅವಳ ಕೋಟು ಹಿಡಿದು ಹಿಂದಕ್ಕೆಳೆದ. ತೊಲೆಗಳು ಬಾಗಿದವು, ಆಮೇಲೆ ಮುರಿದವು. ಮನೆಯ ಕಡೆಯ ದಡದಲ್ಲಿ ರಾಟೆಯ ಉಕ್ಕಿನ ಹಗ್ಗ ಹರಿದು ಆಗಸ್ಟನ ಪಕ್ಕದ ನೆಲಕ್ಕೆ ಬಡಿಯಿತು. ಆಗಸ್ಟ್ ಕದಲಲಿಲ್ಲ. ಹೆಂಡತಿಯ ಜೊತೆ ಕೆತ್ತಿದ ತೊಲೆ ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಮನೆಯೊಳಗೆ ಹೋದ.

ಸ್ವಲ್ಪ ಹೊತ್ತಿನಲ್ಲಿ ನೀರಿನ ಪಕ್ಕದ ಗುಡಾರವೂ ಜಗಲಿ ಸಮೇತ ಕುಸಿದು ಹೊರಟಿತು. ಮಂಚ ಸ್ವಲ್ಪ ದೂರ ತೇಲಿತು.

ಇಬ್ಬರೂ ಮೇಲಿನ ಇಳಿಜಾರಿನಲ್ಲಿ, ಒಂದು ದೊಡ್ಡ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತರು. ಡೀಲಿಯಾಳ ಹಲ್ಲು ಕಟಕಟಿಸುತ್ತಿತ್ತು.

“ಬೋಲ್ಟ್ ಇತ್ತು,” ಎಂದ ಎಲ್ಡನ್. “ಕಾರಲ್ಲಿ ಡಬ್ಬಿ ತುಂಬ ಇದೆ. ಅದೇ ಅಳತೇದು.”

“ಗೊತ್ತಿತ್ತು.”

“ನಿನ್ನ ಜೇಬಲ್ಲಿ ಇದ್ದದ್ದು ನಂಗೂ ಗೊತ್ತಿತ್ತು.”

“ಹಳ್ಳ ಏರುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಪಿಯಾ ಈ ಕಡೆ ಮಲಗಿದ್ಲು.” ಅವಳು ಮುಖ ಒರೆಸಿಕೊಳ್ಳಲಿಲ್ಲ. “ಅದನ್ನ ನೀನು ಹಂಚ್ಕೋಬೇಡ. ಅದು ನಂದು.”

ಅವನು ಅಲ್ಲಗಳೆಯಲಿಲ್ಲ. ಹಾಗೆ ಅಲ್ಲಗಳೆಯದೆ ಇದ್ದದ್ದಕ್ಕೆ ಅವಳಿಗೆ ಅವನ ಮೇಲೆ ನಂಬಿಕೆ ಬಂತು.

“ನಿನ್ನೆ ಸಂಜೆ ಕೇಳಿದ್ರೆ ಸಾಕಾಗಿತ್ತು, ಡೀಲಿಯಾ,” ಎಂದ.

“ಈಗ ಕೇಳೋಕೆ ಇಲ್ಲಿ ಏನೂ ಉಳಿದಿಲ್ಲ. ಗುಡಾರ ಇಲ್ಲ, ಕೆಲಸ ಇಲ್ಲ. ಅಪ್ಪ ನನ್ನ ಮುಖ ನೋಡಲ್ಲ.” ಉಸಿರು ಎಳೆದುಕೊಂಡಳು. “ಆದ್ರೂ ಇರು.”

ಅವನು ಅವಳ ಕೈಯನ್ನು ನೋಡಿದ. ಸುತ್ತಿಗೆ ಹಿಡಿದು ಚರ್ಮ ಕಿತ್ತುಹೋಗಿತ್ತು. ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡ. ಬಿಸಿ ಇರಲಿಲ್ಲ ಯಾರ ಕೈಯಲ್ಲೂ.

“ಇರ್ತೀನಿ,” ಎಂದ. “ಪಿಯಾಗೆ ಹೇಳೋದು ಹೇಗೆ ಅಂತ ಗೊತ್ತಿಲ್ಲ. ಆದ್ರೆ ಇರ್ತೀನಿ.”

ಬೆಟ್ಟದ ನೆತ್ತಿಯ ಹಳೇ ಮರ ಸಾಗಿಸುವ ದಾರಿ ಹಿಡಿದು ಸುತ್ತಿಬಳಸಿ ಅವರು ಮನೆ ತಲುಪಿದಾಗ ಮಧ್ಯಾಹ್ನ ದಾಟಿತ್ತು. ಟ್ರೂಡಿ ಕಾರಿನ ಬಾಗಿಲು ತೆರೆದಿಟ್ಟುಕೊಂಡು ನಿಂತಿದ್ದಳು. ಇಬ್ಬರ ಕೈ ನೋಡಿದಳು. ಪಿನ್ನಿನ ವಿಷಯ ಆಗಸ್ಟನಿಂದ ಅವಳಿಗೆ ತಿಳಿದಿತ್ತು.

“ನನ್ನ ಮಗಳನ್ನ ಆ ಕಡೆ ಮಲಗಿಸಿದ್ದೆ ನಾನು,” ಎಂದಳು. “ಮೂರು ವರ್ಷದಿಂದ ನಿಮ್ಮಿಬ್ರಿಗೂ ಬಾಯಿ ಬರ್ಲಿ ಅಂತ ಕಾಯ್ತಿದ್ದೆ. ಹೀಗೆ ಬರ್ಲಿ ಅಂತಲ್ಲ.” ಆಮೇಲೆ ಎಲ್ಡನನ ಚೀಲವನ್ನು ಡಿಕ್ಕಿಯಿಂದ ತೆಗೆದು ನೆಲದ ಮೇಲಿಟ್ಟಳು.

ಪಿಯಾ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದಳು. ಎಲ್ಡನ್ ಕಿಟಕಿಯ ಹತ್ತಿರ ಬಗ್ಗಿ ಮೆಲ್ಲಗೆ ಏನೋ ಹೇಳಿದ. ಅವಳು ಕೇಳಿಸಿಕೊಂಡಳು.

“ಮತ್ತೆ ನಮ್ಮ ಜೊತೆ ಯಾವಾಗ ಬರ್ತೀಯ?”

“ನೋಡೋಕೆ ಬರ್ತೀನಿ.”

“ಇರೋಕೆ?”

ಅವನು ಸುಳ್ಳು ಹೇಳಲಿಲ್ಲ. ಪಿಯಾ ಗಾಜು ಏರಿಸಿದಳು. ಕಾರು ತಿರುಗಿ ರಸ್ತೆ ಸೇರುವ ತನಕ ಅವಳು ಮುಂದೆಯೇ ನೋಡುತ್ತಿದ್ದಳು.

ಒಳಗೆ ಆಗಸ್ಟ್ ಮೇಜಿನ ಮೇಲೆ ಮೂರು ತಟ್ಟೆ ಇಟ್ಟಿದ್ದ. ಬ್ರೆಡ್ಡಿನ ಮೇಲೆ ಸಾರು ಸುರಿದ. ಎಲ್ಡನ್‌ಗೆ ಮೊದಲು, ಮಗಳಿಗೆ ಆಮೇಲೆ. ಪುದೀನಾದ ಹಬೆ ಏರುತ್ತಿತ್ತು. “ಹುಡುಗನ ಕಾಲಿಗೆ ನನ್ನ ಬೂಟು ಆಗುತ್ತಾ ನೋಡು,” ಎಂದ, ಗೋಡೆಯ ಕಡೆ ಮುಖ ಮಾಡಿ. ಅದು ಅವನು ಡೀಲಿಯಾಗೆ ಹೇಳಿದ್ದು. ಅದಾದ ಮೇಲೆ ವಸಂತದವರೆಗೂ ಅವಳೊಡನೆ ಅವನು ಮಾತಾಡಲಿಲ್ಲ.

ಹೋದದ್ದು ಇಷ್ಟು: ರೆಡ್‌ವುಡ್ ತೊಲೆ ಎರಡು, ಅದರ ಮೇಲಿನ ಹಲಗೆಗಳಷ್ಟೂ. ಗುಡಾರ ಒಂದು, ಮಂಚ ಒಂದು, ಒಲೆ ಒಂದು, ಕಂಬಳಿ ನಾಲ್ಕು. ಉಳಿದ ನಾಲ್ಕು ಗುಡಾರಗಳ ಮುಂದಿನ ಎಲ್ಲ ಬೇಸಿಗೆ. ಪಿಯಾಳಿಗೆ ಒಬ್ಬ ಚಿಕ್ಕಪ್ಪ. ಡೀಲಿಯಾಳಿಗೆ ಅಪ್ಪನ ಒಂದು ಚಳಿಗಾಲ.