ಎರಡರ ಸಾಕ್ಷಿ

"ನಿಲ್ಲಿಸಿ! ಅದು ಅವಿಭಾಜ್ಯ ಅಲ್ಲ!"

ಬಾಗಿಲು ಬಡಿದ ಸದ್ದಿಗೆ ಮೂರು ಲೋಕವೂ ನಡುಗಿತು. ನಂಬದಿದ್ದರೆ ಬಿಡಿ, ಪ್ರೊಫೆಸರ ಕನ್ನಡಕವಂತೂ ಮೂಗಿನಿಂದ ಜಾರಿತು.

ವೇದಿಕೆಯ ಮೇಲೆ ಅವಳು ಕಲ್ಲಾದಳು. ಕೂಗಿದವನು ಬೇರೆ ಯಾರಾದರೂ ಆಗಿದ್ದರೆ! ಅವನು ಸಂಶೋಧನೆಯ ಕೋಣೆಯಲ್ಲಿ ಅವಳ ಪಕ್ಕದ ಮೇಜಿನವನು, ಅವಳು ಮುದ್ದಿಗೆ ಕರೆಯುವ 'ಮಂಕ'... ಮುಂದಿನ ತಿಂಗಳು ಅವಳನ್ನು ಮದುವೆಯಾಗಬೇಕಿದ್ದವನು!

ಅವಳದು ಅಂಥಿಂಥ ಸಂಖ್ಯೆಯಲ್ಲ. ಎರಡನ್ನು ಎರಡರಿಂದಲೇ ಗುಣಿಸಿ ಗುಣಿಸಿ, ಕೊನೆಗೆ ಒಂದನ್ನು ಕಳೆದದ್ದು. ಬರೆಯಹೊರಟರೆ ಭೂಮಿಯ ಕಾಗದವೆಲ್ಲ ಮುಗಿದು ಚಂದ್ರನ ಮೇಲೆ ಗೀಚಬೇಕಾದೀತು! ಒಂದನ್ನೂ ಅದನ್ನೂ ಬಿಟ್ಟರೆ ಬೇರೆ ಯಾವುದೂ ಅದನ್ನು ಭಾಗಿಸದು ಎಂದು ಜಗತ್ತಿಗೆ ಸಾರಲು ಪ್ರೊಫೆಸರ ಬೆರಳು ಕಂಪ್ಯೂಟರಿನ ಗುಂಡಿಯ ಮೇಲೇ ಇತ್ತು.

ಅವರಿಬ್ಬರ ಕೋಣೆಗೆ ಒಂದೇ ಕಾನೂನು: ತಪ್ಪು ಸಿಕ್ಕರೆ ಮೊದಲು ಕಿವಿಯಲ್ಲಿ ಹೇಳಬೇಕು.

'ಕಿವಿಯಲ್ಲಿ ಹೇಳಬೇಕಾದವನು ಊರಿಗೆಲ್ಲ ಡಂಗುರ ಹೊಡೆದನಲ್ಲ...'

"ಅಳಿಯಂದ್ರೇ ಅಂತ ಬಾಯ್ತುಂಬ ಕರೆದೆನಲ್ಲೋ!" ಮುಂದಿನ ಸಾಲಿನಿಂದ ಅವಳ ಅಮ್ಮ ಎದ್ದರು. "ಬೆನ್ನಿಗೇ ಚೂರಿ ಹಾಕಿದೆಯಲ್ಲೋ!"

"ಪುರಾವೆ ಏನು?" ಅವಳು ವೇದಿಕೆಯಿಂದಲೇ ಅವನನ್ನು ಕೇಳಿದಳು.

"ಅವಿಭಾಜ್ಯ ಹೌದಾ ಅಂತ ಪರೀಕ್ಷಿಸೋಕೆ ನೀನು ಎರಡನ್ನ ಸಾಕ್ಷಿಗೆ ಕರೆದೆ, ಅದು ಹೌದು ಅಂತು. ನಾನು ಅದೇ ಪರೀಕ್ಷೆಗೆ ಮೂರನ್ನ ಕರೆದೆ, ಅದು ಒಪ್ಪಲಿಲ್ಲ. ಸಂಖ್ಯೆ ಸೋತಿತು."

ಅವಳಿಗೆ ಥಟ್ಟನೆ ಹೊಳೆಯಿತು. ಎರಡರ ಹೊಟ್ಟೆಯಲ್ಲೇ ಹುಟ್ಟಿದ ಸಂಖ್ಯೆ! ಅದರ ಗುಣ ಎರಡನ್ನೇ ಕೇಳಿದರೆ ಏನು ಹೇಳೀತು? ಹೆತ್ತವರಿಗೆ ಹೆಗ್ಗಣ ಮುದ್ದು! ಅವಸರದಲ್ಲಿ ಅಂಥ ತಪ್ಪು ಮಾಡಿದ್ದಳು.

ಕಣ್ಣೀರು ಕಡಲಾಗಿ ಹರಿಯುವ ಮೊದಲೇ ಹೊರಗೋಡಿ ಮೆಟ್ಟಿಲ ಮೇಲೆ ಕುಸಿದಳು. ಅವನು ಹಿಂದೆಯೇ ಬಂದ.

"ಕದ್ದುಮುಚ್ಚಿ ನನ್ನ ಲೆಕ್ಕ ಪರೀಕ್ಷೆ ಮಾಡ್ತಿದ್ದೆಯಾ? ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವಾ?"

"ಮೂರರ ಸಾಕ್ಷಿಯೂ ಒಪ್ಪಿದೆ ಅನ್ನೋ ಫಲಿತಾಂಶ ಇವತ್ತು ನಿನ್ನ ಕೈಗಿಡೋಣ ಅಂತಿದ್ದೆ. ಉಡುಗೊರೆ ಕಣೇ..."

"ಕಿವಿಯಲ್ಲಿ ಹೇಳ್ಬೇಕಿತ್ತು!"

"ಫಲಿತಾಂಶ ಬಂದಾಗ ನೀನು ವೇದಿಕೆ ಮೇಲಿದ್ದೆ. ಅವರು ಗುಂಡಿ ಒತ್ತಿದ್ರೆ ಜಗತ್ತೇ ನಿನ್ನ ನೋಡಿ ನಗ್ತಿತ್ತು. ಬಾಗಿಲಿಂದ ನಿನ್ನ ಕಿವಿ ಎಟುಕಲಿಲ್ಲ."

ಅವಳು ಮುಖ ತಿರುಗಿಸಿದಳು. 'ನಿಜವೇ ಇರಬಹುದು... ಆದರೂ ಎಷ್ಟು ಉರಿಯುತ್ತಿದೆ!'

ಅಷ್ಟರಲ್ಲಿ ಪ್ರೊಫೆಸರು ಇಣುಕಿದರು.

"ಲೋ ಮಹಾರಾಯ, ಇವಳ ಸಂಖ್ಯೆಗೆ ನಿನ್ನ ಪಾಲಿನ ಕಂಪ್ಯೂಟರನ್ನೆಲ್ಲ ಬಿಟ್ಟುಕೊಟ್ಟು ನಿನ್ನ ಸ್ವಂತ ಲೆಕ್ಕ ನಿಲ್ಲಿಸಿದ್ದೀಯಂತೆ! ಈ ವರ್ಷ ಪದವಿ ಮರೆತುಬಿಡು."

ಬಾಗಿಲು ಮುಚ್ಚಿತು. ಅವನು ಚಪ್ಪಲಿಯ ತುದಿ ನೋಡುತ್ತ ನಿಂತ.

"ಹೇಳಲೇ ಇಲ್ಲ ನೀನು..."

"ಉಡುಗೊರೆಯ ಬೆಲೆ ಯಾರಾದ್ರೂ ಹೇಳ್ತಾರಾ?"

ಅವಳು ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟಳು.

"ಸಂಖ್ಯೆ ಒಡೆಯುತ್ತೆ ಅಂತಾಯ್ತು. ಒಳಗೆ ಅದನ್ನ ಭಾಗಿಸೋರು ಯಾರಿದ್ದಾರೆ?"

"ಅದನ್ನ ಮೂರು ಹೇಳಲ್ಲ. ಒಟ್ನಲ್ಲಿ ಒಂಟಿಯಲ್ಲ ಪಾಪ, ಇಬ್ಬರಿದ್ದಾರೆ."

"ಮೂವರೂ ಇರಬಹುದು."

"ಮದುವೆಗೆ ಮುಂಚೆನೇ ಮೂರನೆಯವರ ಮಾತಾ?"

ಬೇಡವೆಂದರೂ ನಗು ಉಕ್ಕಿತು. ಕೆನ್ನೆ ಒರೆಸಿಕೊಂಡು ಅವನ ಕಿವಿಗೆ ಬಾಗಿದಳು... ಕಾನೂನಿನ ಪ್ರಕಾರವೇ.

"ತಪ್ಪು ನಂದೇ ಕಣೋ, ಮಂಕ."

"ಒಂದು ಸಾಕ್ಷಿ ಸಾಲಲ್ಲ ಕಣೇ... ಇನ್ನೊಂದು ಸಲ ಹೇಳು."