ತೆವಲು: ಮೂಲ ಖಚಿತವಿಲ್ಲ

“ತೆವಲಿಗೆ ಇಷ್ಟೊಂದು ಮರ್ಯಾದೆ ಯಾಕೆ?” ಎನ್ನುತ್ತ ಕರಡು ತಿದ್ದುವವಳು ಹಾಳೆಯನ್ನು ಅವನ ಮೇಜಿನ ಮೇಲಿಟ್ಟಳು. “‘ತಡೆಯಲಾಗದ ಬಯಕೆ’ ಅಂತ ಬರೆದಿದ್ದೀರಿ. ನಮ್ಮಮ್ಮ ನನ್ನನ್ನ ಬೈಯೋ ಪದ ಅದು.”

ನಿಘಂಟಿನ ಆಫೀಸಿನಲ್ಲಿ ಪದಗಳ ಮೂಲ ಹುಡುಕುವುದು ಅವನ ಕೆಲಸ. ಹಾಗಾಗಿ ಅವಳು ಅವನಿಗಿಟ್ಟ ಅಡ್ಡಹೆಸರು ಮೂಲವ್ಯಾಧಿ. ಬೇರೆ ಯಾರಾದರೂ ಹಾಗಂದಿದ್ದರೆ ಜಗಳವೇ ಆಗುತ್ತಿತ್ತು. ಅವಳ ಬಾಯಲ್ಲಿ ಅದನ್ನು ಕೇಳದಿದ್ದರೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ.

“‘ತೆವಳು’ ಇಂದ ಬಂದಿರಬಹುದು” ಎಂದ. “ಮೈಮೇಲೆ ಏನೋ ತೆವಳಿದ ಹಾಗೆ. ಕೆರ್ಕೊಳ್ಳದೆ ಇರೋಕಾಗಲ್ಲ.”

“ಬರೀ ಊಹೆ. ಅಚ್ಚು ಹಾಕೋಕಾಗಲ್ಲ.”

“ಸರಿ, ‘ಮೂಲ ಖಚಿತವಿಲ್ಲ’ ಅಂತ ಹಾಕಿ.”

“ಉದಾಹರಣೆಗೆ ವಾಕ್ಯಾನೂ ಇಲ್ಲ. ಬೇಗ ಕೊಡಿ.” ಕನ್ನಡಕದ ಮೇಲಿಂದ ಅವನನ್ನೇ ನೋಡಿದಳು. “ತಿಂಗಳ ಕೊನೆಗೆ ಅಪ್ಪನಿಗೂ ಉತ್ತರ ಕೊಡಬೇಕು. ಗಂಡು ಗೊತ್ತು ಮಾಡಿದ್ದಾರೆ. ನಾನು ಹೂಂ ಅನ್ನೋದೊಂದೇ ಬಾಕಿ.”

ಸಾವಿರ ಮಾತಿನ ಮೂಲ ಬಲ್ಲವನು ಅವನು. ಬೇಡ ಎನ್ನಲು ಎರಡೇ ಅಕ್ಷರ ಸಾಕಿತ್ತು. ಅದಕ್ಕೂ ಧೈರ್ಯ ಸಾಲದೆ, ಪುಣ್ಯಾತ್ಮ ನಿಘಂಟಿನ ಮರೆಯಲ್ಲಿ ನಿಂತು ಬರೆದ: ‘ಬಾಗಿಲು ಸದ್ದಾದಾಗಲೆಲ್ಲ ಅವಳೇ ಬಂದಳೇನೋ ಎಂದು ತಲೆಯೆತ್ತಿ ನೋಡುವುದು ಅವನಿಗೊಂದು ತೆವಲು.’

ಮೂರು ದಿನದ ಮೇಲೆ ತಿದ್ದಿದ ಹಾಳೆ ಮಡಚಿಕೊಂಡು ಅವನ ಮೇಜಿಗೆ ಬಂತು. ಕೊನೆಯ ಸಲ ಓದಿ ಸಹಿ ಹಾಕಿದರೆ ಅಚ್ಚಿಗೆ ಹೋಗುತ್ತದೆ. ಮಡಿಕೆಯ ಸಂದಿಯಲ್ಲಿ, ಸರಿಯಾಗಿ ಆ ವಾಕ್ಯದ ಜಾಗದಲ್ಲಿ, ಕೆಂಪು ಗೀಟು ಕಾಣುತ್ತಿತ್ತು. ಹೊಡೆದು ಹಾಕಿದ್ದಾಳೆ, ಅಷ್ಟೇ. ಅದನ್ನು ಕಣ್ಣಾರೆ ನೋಡುವ ಎದೆ ಅವನಿಗಿರಲಿಲ್ಲ. ಹಾಳೆ ಬಿಡಿಸದೆ ಸಹಿ ಹಾಕಿಬಿಟ್ಟ.

ಸಂಜೆ ಅವಳು ಬಂದು ನಿಂತಳು.

“ಹಾಳೆ ನೋಡಿದ್ರಾ?”

“ನೋಡಿದೆ.”

“ಏನೂ ಹೇಳೋದಿಲ್ವಾ?”

“ನೀವು ತಿದ್ದಿದ ಮೇಲೆ ಇನ್ನೇನಿದೆ? ಸರಿಯಾಗೇ ಇದೆ.”

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುತ್ತಲೇ ಇದ್ದಳು. “ಹಾಗಾದ್ರೆ ಅಪ್ಪನಿಗೆ ಹೂಂ ಅಂತೀನಿ” ಎಂದು ಹೋದಳು. ಅಂದು ಮೂಲವ್ಯಾಧಿ ಎನ್ನಲಿಲ್ಲ.

ಅವಳು ಮದುವೆಯಾಗಿ ಕೆಲಸ ಬಿಟ್ಟ ಎಂಟು ತಿಂಗಳಿಗೆ ನಿಘಂಟು ಅಚ್ಚಾಗಿ ಬಂತು. ಎಲ್ಲರೂ ಮೊದಲ ಪುಟ ತೆರೆದರೆ ಅವನ ಬೆರಳು ತಾನಾಗಿಯೇ ‘ತ’ಕಾರಕ್ಕೆ ಹೋಯಿತು. ವಾಕ್ಯ ಅಲ್ಲೇ ಇತ್ತು. ಅವಳು ಹೊಡೆದು ಹಾಕಿರಲಿಲ್ಲ, ತಿದ್ದಿದ್ದಳು:

‘ಬಾಗಿಲು ಸದ್ದಾದಾಗಲೆಲ್ಲ ಅವನೇ ಬಂದನೇನೋ ಎಂದು ತಲೆಯೆತ್ತಿ ನೋಡುವುದು ಅವಳಿಗೂ ಒಂದು ತೆವಲು.’

ಅವಳಿಗೂ. ಆ ಒಂದು ಅಕ್ಷರವನ್ನು ಅವನು ಬೆರಳಿಟ್ಟು ಓದಿದ. ಕಣ್ಣು ಮಂಜಾಗುವವರೆಗೂ ಓದಿದ.

“ಏನ್ರೀ, ತಪ್ಪು ಸಿಕ್ತಾ?” ಎಂದರು ಸಂಪಾದಕರು. “ಇರಲಿ ಬಿಡಿ, ಮುಂದಿನ ಮುದ್ರಣದಲ್ಲಿ ತಿದ್ದೋಣ.”

“ಇದು ತಿದ್ದೋಕೆ ಬರಲ್ಲ ಸಾರ್. ತಪ್ಪು ನಂದು.”

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಅವನು ತಲೆಯೆತ್ತಿ ನೋಡಿದ.