ತೆರೆಯಲಾಗದ ಬೆಳಕಿಂಡಿ

“ಗಾಜ ಕೂಡಿಸ್ರಿ, ಬ್ಯಾಡ ಅನ್ನಂಗಿಲ್ಲ. ಖರೆ, ತಗದು ಹಾಕೂವಂಥಾದ್ದು ಇರಲಿ ಸಾಹೇಬ್ರ,” ಎಂದು ಆ ಮನೆಯ ಹಳೆಯ ಕೆಲಸದಾಕೆ ಗಿರಿಜಾಬಾಯಿ ಮೂರನೆಯ ಸಲ ಹೇಳಿದಳು.

ಶೈಲೇಶ ಮಾಳಿಗೆಯ ಮೇಲೆ ಮಂಡಿಯೂರಿ ಬೆಳಕಿಂಡಿಯ ಅಳತೆ ಹಿಡಿಯುತ್ತಿದ್ದ. ಕಾರವಾರದವನು. ಹುಮನಾಬಾದಿನ ಔಷಧಿ ಕಾರ್ಖಾನೆಗೆ ಬಂದು ವರ್ಷವಾಗಿತ್ತು. ಹೆದ್ದಾರಿಯ ಧೂಳಿಗೆ ಹೆಂಡತಿ ಸ್ನೇಹಲ್‌ಗೆ ದಮ್ಮು ಹತ್ತಿತ್ತು. ವಾರದ ಕೊನೆಯ ಎರಡು ದಿನವಾದರೂ ಅವಳು ನೆಟ್ಟಗೆ ಉಸಿರಾಡಲಿ ಎಂದು ಘಾಟಬೋರಾಳದಲ್ಲಿ ಈ ಕೆಂಪುಕಲ್ಲಿನ ಮನೆ ಕೊಂಡಿದ್ದ. ನಡುಖೋಲಿಗೆ ಕಿಟಕಿಯಿಲ್ಲ. ಮಾಳಿಗೆಯಲ್ಲೊಂದು ಚೌಕ ಕಿಂಡಿ, ಅದರ ಮೇಲೊಂದು ಹಾಸುಗಲ್ಲು, ಅಷ್ಟೇ.

“ತೆಗೆಯೋರು ಯಾರಮ್ಮ? ನಾವು ಇಲ್ಲಿರೋದೇ ಎರಡು ದಿನ.”

“ನಾ ತಗೀತೀನ್ರಿ. ಮೂವತ್ತು ವರ್ಷ ಆತು, ಪ್ರತಿ ಅಮಾಸಿ ಮಧ್ಯಾಹ್ನ ಕಲ್ಲು ಸರಸಾಕತ್ತೇನಿ.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ದನಿ ತಗ್ಗಿಸಿದಳು. “ಈ ಮನಿ ಸೊಸಿ ಸುಂದರಬಾಯಿಗಿ ಮೈಯಾಗ ಗಾಳಿ ಸೇರ್ಯದ ಅಂತ ಇದ ಖೋಲ್ಯಾಗ ಮೆಣಸಿನಕಾಯಿ ಹೊಗಿ ಹಾಕಿದ್ರು. ಮಂತ್ರವಾದಿ ಮ್ಯಾಲ ಹತ್ತಿ ಕಲ್ಲಿನ ಸುತ್ತ ಹಸಿಮಣ್ಣು ಮೆತ್ತಿದ. ಕೆಮ್ಮಿ ಕೆಮ್ಮಿ ಸತ್ತಳು. ಸಾಯೂಮುಂದ ಅಂದಳು, ಈ ಕಿಂಡಿ ಮೆತ್ತಿದವರ ಮನ್ಯಾಗಿನ ಉಸಿರು ನಂದು ಅಂತ. ಅಕಿ ಉಸಿರು ಹೊರಗ ಹೋಗ್ಲಿ ಅಂತ ಈ ಖಾಲಿ ಮನಿ ಕಲ್ಲು ಸರಸ್ತೀನ್ರಿ.”

“ನಿಜವಾಗಿ ದೆವ್ವ ಇತ್ತಾ ಅವಳಿಗೆ?”

“ಎಲ್ಲೀದ್ರಿ. ಮಕ್ಕಳಾಗಿರಲಿಲ್ಲ, ಅಷ್ಟ.”

ಶೈಲೇಶ ನಕ್ಕ. “ಅಂದರೆ ಈಗ ದೆವ್ವಕ್ಕೂ ತಿಂಗಳಿಗೊಂದು ಸರ್ವೀಸಿಂಗ್!”

ಗಾಜಿನ ವಿಷಯದಲ್ಲಿ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾರವಾರದ ಕಡಲ ದಂಡೆಯಲ್ಲಿ ಅಣ್ಣನ ರಜಾಮನೆಗೆ ಬೆಳಕಿಂಡಿ ಆರಿಸಿದವನು ಅವನೇ. ಉಪ್ಪುಗಾಳಿಗೆ ಪ್ಲಾಸ್ಟಿಕ್ಕು ಹಳದಿಯಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ತೆರೆಯುವಂಥದ್ದಾದರೆ ರಬ್ಬರು ಸೀಳಿ ನೀರು ಸೋರುತ್ತದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಅಂಟಿಸಿಬಿಟ್ಟ ಎರಡು ಪದರದ ಗಾಜು ಎಂಟು ಮಳೆಗಾಲ ಕಂಡರೂ ಒಂದು ಹನಿ ಸೋರಿರಲಿಲ್ಲ. ಅದನ್ನೇ ಇಲ್ಲಿಗೂ ತರಿಸಿ ಅಂಚಿಗೆಲ್ಲ ಅಂಟು ತುಂಬಿಸಿದ. ಖೋಲಿಯ ನೆಲದ ಮೇಲೆ ಬಿಸಿಲಿನ ಚೌಕ ಬಿತ್ತು. ಸ್ನೇಹಲ್ ಅದರಲ್ಲೇ ಚಾಪೆ ಹಾಸಿಕೊಂಡಳು.

ಅಮಾವಾಸ್ಯೆ ಭಾನುವಾರ ಬಂತು. ಮಧ್ಯಾಹ್ನ ಶೈಲೇಶ ಅಂಗಳದಲ್ಲಿ ಕಾರು ತೊಳೆಯುತ್ತಿದ್ದ. ಗಿರಿಜಾಬಾಯಿ ರೂಢಿಯಂತೆ ಬಂದು ಬಾಗಿಲಾಚೆ ನಿಂತಿದ್ದಳು. ಗಾಳಿಯಿಲ್ಲ. ತೊಗರಿಕಟ್ಟಿಗೆಯ ಒಣ ವಾಸನೆಯ ನಡುವೆ ಮತ್ತೊಂದು ಘಾಟು ಸಣ್ಣಗೆ ಎದ್ದಿತು. ಒಣಮೆಣಸು ಕೆಂಡಕ್ಕೆ ಬಿದ್ದ ಘಾಟು. ಒಲೆ ಹಚ್ಚಿರಲಿಲ್ಲ.

ಒಳಗೆ ಸ್ನೇಹಲ್ ಕೆಮ್ಮಿದಳು.

ಅವನು ಓಡಿದ. ಖೋಲಿಯ ಬಾಗಿಲು ಒಳಗಿನಿಂದ ಬಿಗಿದಿತ್ತು. ಚಿಲಕ ಹಾಕಿಕೊಳ್ಳುವ ಅಭ್ಯಾಸ ಅವಳಿಗಿಲ್ಲ. ಹೆಗಲು ಕೊಟ್ಟ. ಒದ್ದ. ಸಾಗುವಾನಿ ಹಲಗೆ ಅಲುಗಲಿಲ್ಲ. ಕೆಮ್ಮು ಎರಡಾಯಿತು. ಒಂದು ಅವಳದು. ಇನ್ನೊಂದು ಹಳೆಯದು, ಒಡೆದದ್ದು.

ಹಾರೆ ಹಿಡಿದು ಮಾಳಿಗೆ ಹತ್ತಿದ. ಗಾಜಿನ ಒಳಮೈಗೆ ಆವಿ ಕಟ್ಟಿತ್ತು. ನೆಲದಿಂದ ಹತ್ತಡಿ ಮೇಲೆ, ಯಾರೋ ತುಟಿ ಹಚ್ಚಿ ಉಸಿರು ಬಿಟ್ಟ ಹಾಗೆ. ಆವಿಯ ಸಂದಿಯಲ್ಲಿ ಕೆಳಗೆ ಸ್ನೇಹಲ್ ಕಂಡಳು. ಬಿಸಿಲಿನ ಚೌಕದಲ್ಲಿ ಅಂಗಾತ. ಬಾಯಿ ತೆರೆದಿತ್ತು. ತುಟಿ ನೀಲಿ.

ಹಾರೆ ಎತ್ತಿದ.

“ಒಡೀಬ್ಯಾಡ್ರಿ!” ಅಂಗಳದಿಂದ ಗಿರಿಜಾಬಾಯಿ ಚೀರಿದಳು. “ಒಳಗ ಅಕ್ಕಾರ ಅದಾರ! ಮನಿ ಖಾಲಿ ಇದ್ದಾಗ ಅಷ್ಟ ತಗಿಬೇಕ್ರಿ! ಮೊದಲ ಬಾಗಲಾ ಮುರೀರಿ, ಅಕ್ಕಾರನ್ನ ಹೊರಗ ತರ್ರಿ! ಹೊರಗ ಹೋಗೂ ಉಸಿರು ಯಾರದಂತ ಕಿಂಡಿ ಕೇಳಂಗಿಲ್ರಿ!”

ಬಾಗಿಲಿಗೆ ಹೊತ್ತಿರಲಿಲ್ಲ. ಹೊಡೆದ. ಗಾಜು ಬಿರಿಯಿತು, ಬೀಳಲಿಲ್ಲ. ಮತ್ತೆ ಹೊಡೆದ. ಮತ್ತೆ. ಮಧ್ಯ ಕುಸಿಯಿತು. ಮೆಣಸಿನ ಬಿಸಿ ಹೊಗೆ ಮುಖಕ್ಕೆ ರಾಚಿ, ಕಿವಿಯ ಪಕ್ಕ ಒಂದು ನಿಟ್ಟುಸಿರು ಹಾದುಹೋಯಿತು. ಆ ಉಸಿರಿನಲ್ಲಿ ಸ್ನೇಹಲ್ ದಿನಾ ಎಳೆದುಕೊಳ್ಳುವ ದಮ್ಮಿನ ಔಷಧಿಯ ವಾಸನೆಯಿತ್ತು.

ಕೆಳಗೆ ಅವಳು ಎದ್ದು ಕುಳಿತಳು. ಎದೆ ತುಂಬ ಉಸಿರೆಳೆದಳು.

“ಸ್ನೇಹಲ್! ಉಸಿರಾಡು, ಬಂದೆ!”

ಅವಳು ಮೇಲೆ ನೋಡಿದಳು. ಕಣ್ಣು ಕಿರಿದು ಮಾಡಿ, ಪರಿಚಯವಿಲ್ಲದವನನ್ನು ನೋಡುವ ಹಾಗೆ.

“ಯಾರ್ರಿ ನೀವು, ಮಾಳಿಗಿ ಮ್ಯಾಲ?” ದನಿ ಸ್ನೇಹಲ್‌ಳದೇ. “ಹೊರಗ ಗಿರಿಜಾ ಅದಾಳೇನು? ಒಂದು ತಂಬಿಗಿ ನೀರು ತಾ ಅನ್ರಿ. ಗಂಟಲಾ ಸುಟ್ಟದ.”

ಅಂಗಳದಲ್ಲಿ ಗಿರಿಜಾಬಾಯಿ, “ಸುಂದರಬಾಯಿ!” ಅಂದಳು.

ಚೌಕಟ್ಟಿನ ಮೂಲೆಯಲ್ಲಿ ಅಂಗೈಯಗಲದ ಗಾಜು ಉಳಿದಿತ್ತು. ಅದರ ಹೊರಮೈ ಮೇಲೆ, ಅದೇ ಔಷಧಿಯ ವಾಸನೆಯೊಂದಿಗೆ, ಆವಿ ಮೂಡಿತು. ಆರಿತು. ಮತ್ತೆ ಮೂಡಿತು, ಈ ಸಲ ರೂಪಾಯಿಯಗಲ. ಶೈಲೇಶ ಎರಡೂ ಅಂಗೈ ಅಡ್ಡ ಹಿಡಿದು ಗಾಳಿ ತಡೆದ. ಮೂರನೆಯದು ಸಾಸಿವೆಯಷ್ಟಿತ್ತು. ಅದೂ ಆರಿತು.

ಅವನು ಕೈ ತೆಗೆಯದೆ ಕಾದ.